ನೀರು ಕುಡಿದ ಗೋಡೆ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಮ್ಮ ನಡುಮನೆಯ ಗೋಡೆ ತಿರುವುಮುರುವು ಮಾಡಿತು. ಅದು ಮೊದಲು ಗುಟ್ಟಾಗಿ ನೀರು ಕುಡಿದು, ಆಮೇಲೆ ಎಲ್ಲರೆದುರಿಗೆ ಉಪ್ಪು ಕಾರಿತು. ಪುಸ್ತಕದ ಬೀರುವಿನ ಪಕ್ಕದಲ್ಲಿ, ನೆಲದಿಂದ ಮೊಳದೆತ್ತರದಲ್ಲಿ ಬಣ್ಣ ಉಬ್ಬಿ ಬಂತು. ಬೆರಳು ತಾಗಿಸಿದರೆ ಹಕ್ಕಳೆ ಎದ್ದು ಒಳಗಿಂದ ಬಿಳಿ ಪುಡಿ ಸುರಿಯಿತು. ಎಂಬತ್ತು ದಾಟಿದ ನಮ್ಮಮ್ಮನಿಗೆ ಜಗತ್ತಿನ ಯಾವ ಪುಡಿಯನ್ನೂ ರುಚಿ ನೋಡದೆ ನಂಬುವ ಅಭ್ಯಾಸವಿಲ್ಲ. ಬೆರಳ ತುದಿಗೆ ಅಂಟಿದ್ದನ್ನು ನಾಲಿಗೆಗೆ ಸೋಕಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, “ಉಪ್ಪೇ ಕಣೋ. ಆದ್ರೆ ಕಹಿ ಉಪ್ಪು. ಉಪ್ಪಿನಕಾಯಿಗೆ ಬರಲ್ಲ” ಎಂದು ತೀರ್ಪು ಕೊಟ್ಟಳು.

ಪ್ರಯೋಗಾಲಯದವರೂ ಇದಕ್ಕಿಂತ ಹೆಚ್ಚೇನು ಹೇಳುತ್ತಿದ್ದರೋ ಕಾಣೆ. ಇಟ್ಟಿಗೆ, ಸಿಮೆಂಟು, ಮರಳು, ಇವುಗಳಲ್ಲಿ ಸಲ್ಫೇಟಿನಂಥ ಲವಣಗಳು ಮೊದಲಿಂದಲೇ ಇರುತ್ತವೆ. ಒಣಗಿರುವಷ್ಟು ಕಾಲ ತಮ್ಮ ಪಾಡಿಗೆ ತಾವು ಬಿದ್ದಿರುತ್ತವೆ. ನೀರು ಹೊಕ್ಕಿತೋ, ಅದರಲ್ಲಿ ಕರಗಿ, ಅದರ ಬೆನ್ನು ಹತ್ತಿ ಮೇಲ್ಮೈಗೆ ಬರುತ್ತವೆ. ನೀರು ಆವಿಯಾಗಿ ಹಾರಿಹೋಗುತ್ತದೆ, ಉಪ್ಪು ಹರಳುಗಟ್ಟಿ ಅಲ್ಲೇ ಉಳಿಯುತ್ತದೆ. ಹರಳು ಬೆಳೆಯುತ್ತ ಬೆಳೆಯುತ್ತ ಮುಂದಿರುವ ಬಣ್ಣವನ್ನೂ ಗಾರೆಯನ್ನೂ ತಳ್ಳುತ್ತದೆ. ಇದನ್ನು ನೀರು ಹಾಕಿ ತೊಳೆದರೆ ಮತ್ತೆ ಕರಗಿ ಒಳಗೆ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ಉದುರಿದ್ದನ್ನು ಮೊರದಲ್ಲಿ ಹಿಡಿದು ಆಚೆ ಹಾಕಬೇಕು. ನಮ್ಮ ಮನೆಕೆಲಸದಾಕೆ ಇದೆಲ್ಲ ತಿಳಿಯುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ ಗೋಡೆಯನ್ನು ಫಳಫಳ ಮಾಡಿದ್ದಳು. ಮಾರನೆಯ ವಾರ ಉಪ್ಪು ಇನ್ನಷ್ಟು ಉತ್ಸಾಹದಿಂದ ಬಂತು.

ಇದು ನಡೆದದ್ದು 2024ರ ಆಷಾಢದಲ್ಲಿ. ವರ್ಷ ಹೇಳುವುದಕ್ಕೆ ಕಾರಣವಿದೆ. ಆ ಬೇಸಿಗೆಯಲ್ಲಿ ಬೆಂಗಳೂರಿನ ಬಾಯಿ ಒಣಗಿತ್ತು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರ ಭಾವ ಏರಿ, ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಸಾರಿದ್ದರು. ನಾವು ಕಾನೂನಿಗೆ ಹೆದರುವ ಮಂದಿ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಬಟ್ಟೆ ಜಾಲಿಸಿದ್ದು ಅಂಗಳಕ್ಕೆ, ಸ್ನಾನಕ್ಕೆ ಅರ್ಧ ಬಕೆಟ್ಟು. ಮಗಳು ಷವರ್ ತಿರುಗಿಸಿದ ಸದ್ದಾದರೆ ಅಮ್ಮ ನಡುಮನೆಯಿಂದಲೇ ಗದರುತ್ತಿದ್ದಳು. ಹೀಗೆ ನಾವು ಚೊಂಬಿನ ಲೆಕ್ಕದಲ್ಲಿ ಬದುಕುತ್ತಿದ್ದಾಗ, ಅಮ್ಮನ ಕುರ್ಚಿಯ ಹಿಂದೆಯೇ ಗೋಡೆ ಕಾವೇರಿ ಕುಡಿಯುತ್ತಿತ್ತು. ಆ ನೀರು ಬರುವ ದಾರಿ ನೆನೆದರೆ ಗೋಡೆಗೂ ನಾಚಿಕೆಯಾಗಬೇಕು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಪಂಪುಗಳ ಬಲದಿಂದ ಹಂತಹಂತವಾಗಿ ಸುಮಾರು 500 ಮೀಟರ್ ಮೇಲೇರಿ, ಹತ್ತಿರ ಹತ್ತಿರ ನೂರು ಕಿಲೋಮೀಟರ್ ನಡೆದು ಊರು ಸೇರುತ್ತದೆ. 1974ರಲ್ಲಿ ಮೊದಲಾದ ಈ ಭಗೀರಥ ಪ್ರಯತ್ನದ ಕಟ್ಟಕಡೆಯ ಫಲಾನುಭವಿ ಬನಶಂಕರಿ ಎರಡನೇ ಹಂತದ ಒಂದು ಒಂಬತ್ತಿಂಚಿನ ಗೋಡೆ!

ಸೋರಿಕೆ ಎಲ್ಲಿಂದ ಎಂದು ಹೇಳಲು ಕಸುಬುದಾರರು ಬಂದರು. ಪ್ಲಂಬರ್ ಗೋಡೆ ತಟ್ಟಿ, “ಇದು ಪೈಪಿಂದಲ್ಲ ಸಾರ್, ಟೈಲ್ಸ್ ಸಂದೀಲಿ ಇಳಿದಿರೋದು. ಗಾರೆಯೋರ್ನ ಕರೀರಿ” ಎಂದ. ಗಾರೆ ಮೇಸ್ತ್ರಿ ಬಚ್ಚಲಿನ ಟೈಲ್ಸ್ ಮೇಲೆ ಉಗುರಾಡಿಸಿ, “ಇದೆಲ್ಲ ಗಟ್ಟಿ ಐತೆ ಯಜಮಾನ್ರೆ, ಪೈಪೇ ಹೋಗಿರೋದು” ಎಂದ. ಪೇಂಟರ್ ಮಾತ್ರ ಯಾರನ್ನೂ ದೂರಲಿಲ್ಲ. “ಎಲ್ಲಿಂದಾದ್ರೂ ಬರ್ಲಿ ಬಿಡಿ ಸಾರ್. ಒಂದು ಕೋಟ್ ಡ್ಯಾಂಪ್‌ಪ್ರೂಫು, ಎರಡು ಕೋಟ್ ಪಟ್ಟಿ, ಮೇಲೆ ಪೇಂಟು. ಬಂದವ್ರಿಗೆ ಗೊತ್ತೇ ಆಗಲ್ಲ.” ಬಂದವರಿಗೆ ಗೊತ್ತಾಗದಿದ್ದರೆ ಗೋಡೆ ಆರೋಗ್ಯವಾಗಿದೆ ಎಂಬ ಈ ಸಿದ್ಧಾಂತಕ್ಕೆ ನಮ್ಮ ಬೀದಿಯಲ್ಲಿ ಅನುಯಾಯಿಗಳು ಬಹಳ. ಗೌರಿ ಹಬ್ಬ ಹತ್ತಿರ ಬಂದಾಗ ನನ್ನ ಹೆಂಡತಿಯೂ ಕೆಲಕಾಲ ಆ ಪಂಥಕ್ಕೆ ಸೇರಿದ್ದಳು. ವಾಸ್ತು ಬಲ್ಲವರೊಬ್ಬರು ಬಂದು, ಈ ಗೋಡೆ ಆಗ್ನೇಯದಲ್ಲಿದೆ, ಅಗ್ನಿಯ ಮೂಲೆಯಲ್ಲಿ ನೀರು ಕೂತರೆ ಇನ್ನೇನಾದೀತು, ಈಶಾನ್ಯದಲ್ಲಿ ಸೋರಿದ್ದರೆ ಒಳ್ಳೆಯದಿತ್ತು ಎಂದು ಹೇಳಿ ಕಾಫಿ ಕುಡಿದು ಹೋದರು.

ಕೊನೆಗೆ ದಾರಿ ತೋರಿಸಿದವರು ಎದುರುಮನೆಯ ರಾಯರು, ನಿವೃತ್ತ ಎಂಜಿನಿಯರು. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದೆರಡು ದಿನ ಬಿಡಿ ಎಂದರು. ಹಾಳೆಯ ಹೊರಮೈ ಬೆವತರೆ ಅದು ಮನೆಯ ಗಾಳಿಯಲ್ಲಿರುವ ತೇವ, ಒಳಮೈ ಬೆವತರೆ ಗೋಡೆಯೊಳಗಿನದು. ಮನೆಯಲ್ಲಿ ಸಿಕ್ಕಿದ್ದು ಸೀರೆ ಇಡುವ ಕವರು. ಅದು ಒಳಗಿನಿಂದ ಬೆವತು, ಹನಿಗಟ್ಟಿ, ಕೆಳಗಿಳಿಯಿತು. ಎರಡನೆಯ ಪರೀಕ್ಷೆ ಮಾಳಿಗೆಯ ಮೇಲೆ. ರಾತ್ರಿ ಎಲ್ಲ ನಲ್ಲಿ ಬಿಗಿಮಾಡಿ, ಮೋಟರ್ ಆರಿಸಿ, ಟ್ಯಾಂಕಿಗೆ ಕೋಲು ಅದ್ದಿ ಗುರುತು ಹಾಕಿಕೊಂಡು, ಬೆಳಿಗ್ಗೆ ಯಾರೂ ಹಲ್ಲುಜ್ಜುವ ಮೊದಲು ಮತ್ತೆ ಅಳೆಯಬೇಕು. ಯಾರೂ ಹಲ್ಲುಜ್ಜುವ ಮೊದಲು ಎಂಬುದೇ ಕಷ್ಟದ ಭಾಗ, ಏಕೆಂದರೆ ಅಮ್ಮ ನಾಲ್ಕೂವರೆಗೆ ಏಳುತ್ತಾಳೆ. ಅಂತೂ ಅಳೆದಾಗ ನೀರು ಇಳಿದಿತ್ತು. ಪ್ಲಂಬರನ್ನು ಮತ್ತೆ ಕರೆಸಿದೆವು. “ನಾನು ಅವತ್ತೇ ಅಂದ್ಕೊಂಡೆ ಸಾರ್” ಎಂದ.

ಪೈಪೇ ಎಂದೇನೋ ಆಯಿತು. ಆದರೆ ಪೈಪ್ ಎಲ್ಲಿ? ಮನೆ ಕಟ್ಟಿಸಿದ್ದು ಅಪ್ಪ, 1986ರಲ್ಲಿ, ಆಫೀಸಿನ ಸಾಲ ಮತ್ತು ಅಮ್ಮನ ಎರಡೆಳೆ ಸರದ ಬಲದಿಂದ. ಪ್ಲಾನಿನ ನೀಲಿ ಹಾಳೆ ಬೀರುವಿನಲ್ಲಿ ಜೋಪಾನವಾಗಿತ್ತು. ಅದರಲ್ಲಿ ಬಾಗಿಲು, ಕಿಟಕಿ, ಸಂಪು, ಕಾಂಪೌಂಡು, ಉತ್ತರ ದಿಕ್ಕಿನ ಬಾಣದ ಗುರುತು, ಎಲ್ಲವೂ ಇದ್ದವು. ಪೈಪಿನ ಗೆರೆ ಮಾತ್ರ ಇರಲಿಲ್ಲ. ಅದು ಅಪ್ಪನ ತಲೆಯಲ್ಲಿತ್ತು, ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಅವರಿದ್ದಾಗ ಕೇಳಬೇಕಿತ್ತು ಅನಿಸುವ ಪ್ರಶ್ನೆಗಳು ನನ್ನ ಹತ್ತಿರ ಕೆಲವಿವೆ. ಅದರ ಸಾಲಿಗೆ ಬಚ್ಚಲಿನ ನಲ್ಲಿಗೆ ನೀರು ಯಾವ ಕಡೆಯಿಂದ ಬರುತ್ತದೆ ಎಂಬುದೂ ಸೇರೀತೆಂದು ಯಾರು ಎಣಿಸಿದ್ದರು?

ಅಮ್ಮನನ್ನು ಕೇಳಿದೆವು. “ಪೈಪ್ ಕೂರಿಸಿದ ದಿನ ಚಿತ್ರಾನ್ನ ಮಾಡಿ ಕಳಿಸಿದ್ದೆ. ನಾಲ್ಕು ಜನ ಬಂದಿದ್ರು. ಅದರಲ್ಲೊಬ್ಬ ಈರುಳ್ಳಿ ತಿಂತಿರಲಿಲ್ಲ, ಅವನಿಗೆ ಬೇರೆ ಕಲಸಿದ್ದೆ.”

“ಪೈಪ್ ಎಲ್ಲಿ ಹೋಗಿದೆ ಅಂತ ನೆನಪಿದೆಯಾ ಅಮ್ಮಾ?”

“ಅದೆಲ್ಲ ನಿಮ್ಮಪ್ಪನಿಗೆ ಗೊತ್ತು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಶುರುಮಾಡಿದಳು. “ಈ ಗೋಡೆಗೆ ಒಂದು ಮೊಳೆ ಹೊಡೆಯೋಕೆ ಬಿಟ್ಟಿದ್ರೇನೋ ಅವರು? ಮಧ್ಯಕ್ಕೆ ಕ್ಯಾಲೆಂಡರ್ ಹಾಕೋಣ, ಅಡುಗೆಮನೆಯಿಂದ ತಿಥಿ ಕಾಣುತ್ತೆ ಅಂತ ಎಷ್ಟು ಸಲ ಬಡ್ಕೊಂಡೆ. ಇಲ್ಲಿ ಬೇಡ, ಆ ಕಡೆ ಹಾಕು. ಅಲ್ಲೂ ಬೇಡ, ಇನ್ನೂ ಆ ಕಡೆ. ನಾನೇನೋ ಅವರ ಹಟ ಅಂದ್ಕೊಂಡು ಸುಮ್ಮನಾದೆ.”

ಪ್ಲಂಬರ್ ಉಳಿ ಕೆಳಗಿಟ್ಟ. ನಾವೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆ ನೋಡಿದೆವು. ಎಡಕ್ಕೆ ಮಂತ್ರಾಲಯದ ರಾಯರ ಪಟ, ಅದರ ಕೆಳಗೆ ಅಪ್ಪ ಅಮ್ಮನ ಮದುವೆ ಫೋಟೊ. ಬಲಕ್ಕೆ ತಾತ, ಅಜ್ಜಿ, ನನ್ನ ಪದವಿಯ ನಿಲುವಂಗಿ. ಗಡಿಯಾರ ಯಾವಾಗಲೂ ನಡುವಿನಿಂದ ಒಂದಿಷ್ಟು ಬದಿಗೆ. ಬಂದವರೆಲ್ಲ ಅದನ್ನು ನೋಡಿ ಏನೋ ಹೇಳಹೊರಟು ಸುಮ್ಮನಾಗುತ್ತಿದ್ದರು. ಇವೆಲ್ಲದರ ಮಧ್ಯೆ ಗೇಣಗಲದ ಒಂದು ಬರಿದಾದ ಪಟ್ಟೆ ನೆಲದಿಂದ ಎದೆಯೆತ್ತರಕ್ಕೆ ಏರಿ, ಅಲ್ಲಿಂದ ಬಲಕ್ಕೆ ತಿರುಗಿ ಬಚ್ಚಲಿನತ್ತ ಹೋಗಿತ್ತು. ಮೊಳೆಯಿಲ್ಲದ ಆ ದಾರಿಯೇ ಅಪ್ಪ ಬಿಟ್ಟುಹೋದ ನಕ್ಷೆ. ನಾವು ಇಷ್ಟು ವರ್ಷ ಅದರ ಎದುರು ಕೂತು ಊಟ ಮಾಡಿದ್ದೆವು. ಪ್ಲಂಬರ್ ತಿರುವಿನ ಜಾಗಕ್ಕೆ ಉಳಿಯಿಟ್ಟು ಹೊಡೆದ. ಕೆಲವೇ ಏಟಿಗೆ ಕಬ್ಬಿಣ ಕಂಡಿತು.

ಆ ಕಾಲದ ಜಿಐ ಪೈಪು, ಅಂದರೆ ಕಬ್ಬಿಣಕ್ಕೆ ಸತುವಿನ ಲೇಪ. ಸತು ತಾನು ಸವೆಯುತ್ತ ಕಬ್ಬಿಣವನ್ನು ಕಾಯುತ್ತದೆ. ಆದರೆ ಎಲ್ಬೋ ಕೂರಿಸಲು ಪೈಪಿನ ತುದಿಗೆ ತಿರುಪಿನ ಮರೆ ಕೊರೆಯುವಾಗ ಸತುವಿನ ಅಂಗಿ ಹರಿದುಹೋಗುತ್ತದೆ, ಕಬ್ಬಿಣವೂ ತೆಳುವಾಗುತ್ತದೆ. ಹಾಗಾಗಿ ಇಂಥ ಪೈಪು ಮೊದಲು ಕೈಕೊಡುವುದು ತಿರುವುಗಳಲ್ಲಿ. ಸಣಬಿನ ನಾರು ಸುತ್ತಿ, ಬಣ್ಣ ಸವರಿ ಬಿಗಿದಿದ್ದರು. ಕಳಚಿದಾಗ ನಾರು ಅಲ್ಲೇ ಇತ್ತು, ಈರುಳ್ಳಿ ತಿನ್ನದವನೇ ಸುತ್ತಿದ್ದನೋ ಏನೋ. ತೂತು ಸೂಜಿಮೊನೆಯಷ್ಟು. ಹನಿ ಸಣ್ಣದು, ಲೆಕ್ಕ ದೊಡ್ಡದು. ಔಷಧಿ ಅಂಗಡಿಯ ಲೆಕ್ಕದಲ್ಲಿ ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ಸೆಕೆಂಡಿಗೆ ಒಂದೇ ಹನಿ ಎಂದುಕೊಂಡರೂ ದಿನಕ್ಕೆ ನಾಲ್ಕು ಲೀಟರ್ ಮೀರುತ್ತದೆ. ಪ್ಲಂಬರ್ ಆ ಸಾಲನ್ನೇ ಬಂದುಮಾಡಿ, ಹಳೇ ಪೈಪಿನ ಎರಡೂ ತುದಿಗೆ ಮುಚ್ಚಳ ಬಿಗಿದು ಗೋಡೆಯೊಳಗೇ ಬಿಟ್ಟು, ಹೊಸ ಸಿಪಿವಿಸಿ ಪೈಪನ್ನು ಹೊರಗಿನಿಂದ ಎಳೆದು ಬಚ್ಚಲಿಗೆ ತಂದ. “ಇನ್ನು ಸೋರಿದ್ರೂ ಕಣ್ಣಿಗೆ ಕಾಣುತ್ತೆ ಸಾರ್” ಎಂದು ಧೈರ್ಯ ಹೇಳಿದ.

ಅಲ್ಲಿಗೆ ಗೊತ್ತಿರುವ ಕೆಲಸಗಳು ಮುಗಿದವು. ಈ ಊರಿನಲ್ಲಿ ಪೈಪ್ ಎಳೆಯುವವರಿದ್ದಾರೆ, ಒಡೆಯುವವರಿದ್ದಾರೆ, ಮೆತ್ತುವವರಿದ್ದಾರೆ, ಬಳಿಯುವವರಿದ್ದಾರೆ. ಒಣಗಿಸುವವರಿಲ್ಲ. “ಒಣಗಿದ್ಮೇಲೆ ಫೋನ್ ಮಾಡಿ” ಎಂದು ಎಲ್ಲರೂ ಹೊರಟುಹೋದರು.

ಎಷ್ಟು ದಿನ ಬೇಕು? ನೆನೆದ ಇಟ್ಟಿಗೆ ಗೋಡೆ ಇಂಚಿಗೊಂದು ತಿಂಗಳು ತೆಗೆದುಕೊಳ್ಳುತ್ತದೆ ಎಂಬುದು ಕಟ್ಟಡದವರ ಒಂದು ಸ್ಥೂಲ ಅಂದಾಜು ಎಂದು ರಾಯರು ಹೇಳಿದರು. ನಮ್ಮದು ಒಂಬತ್ತಿಂಚು. ಇದು ಕಿವಿಗೆ ಬಿದ್ದದ್ದೇ ತಡ, ಮನೆಯ ಹೆಂಗಸರು ಗೋಡೆಯನ್ನು ನೋಡುವ ಬಗೆಯೇ ಬದಲಾಯಿತು. ಬಸವನಗುಡಿಯ ಸೋದರತ್ತೆ ಫೋನ್ ಮಾಡಿದಾಗಲೆಲ್ಲ “ಈಗೆಷ್ಟು ತಿಂಗಳು?” ಎಂದು ವಿಚಾರಿಸಿಕೊಂಡರು. ಭಾರದ್ದೇನೂ ಒರಗಿಸಬೇಡಿ, ಗಾಳಿ ಬೆಳಕು ಚೆನ್ನಾಗಿರಲಿ, ರಾತ್ರಿ ಹೊತ್ತು ಆ ಕಡೆ ಸದ್ದು ಮಾಡಬೇಡಿ. ಐದನೆಯದಕ್ಕೆ ಹಸಿರು ಸೀರೆ ಹೊದಿಸಿ ಬಳೆ ತೊಡಿಸೋಣ ಎಂದು ನನ್ನ ತಂಗಿ. ಅಮ್ಮ ಇದಕ್ಕೆಲ್ಲ ನಗಲಿಲ್ಲ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಬಂದು ಅಂಗೈಯನ್ನು ಗೋಡೆಯ ಹೊಟ್ಟೆಯ ಮೇಲಿಟ್ಟು, “ಇನ್ನೂ ತಣ್ಣಗಿದೆ” ಎನ್ನುತ್ತಿದ್ದಳು. ಆವಿಯಾಗುವ ನೀರು ಶಾಖ ಹೀರುವುದರಿಂದ ಒದ್ದೆ ಗೋಡೆ ಸುತ್ತಲಿನದಕ್ಕಿಂತ ತಂಪಾಗಿರುತ್ತದೆ. ಅಂಗೈ ನಂಬಬಹುದಾದ ಮಾಪಕವೇ.

ಕುಡಿದದ್ದು ಎಷ್ಟು ಎಂದು ನಾನೊಂದು ರಾತ್ರಿ ಲೆಕ್ಕ ಹಾಕಿದೆ. ಸಾಧಾರಣ ಸುಟ್ಟ ಇಟ್ಟಿಗೆ ಒಂದು ದಿನ ನೀರಿನಲ್ಲಿ ಮುಳುಗಿದ್ದರೆ ತನ್ನ ತೂಕದ ಶೇಕಡಾ 20ಕ್ಕಿಂತ ಹೆಚ್ಚು ಹೀರಬಾರದು ಎನ್ನುತ್ತದೆ ಐಎಸ್ 1077 ಎಂಬ ಭಾರತೀಯ ಮಾನಕ. ಅಂದರೆ ಮೂರು ಕಿಲೋ ಇಟ್ಟಿಗೆ ಅರ್ಧ ಲೀಟರಿಗೂ ಮಿಕ್ಕಿ ಕುಡಿದು ಸಭ್ಯನೆಂದೇ ಕರೆಸಿಕೊಳ್ಳಬಹುದು. ಒಂಬತ್ತಿಂಚಿನ ಗೋಡೆಯ ಒಂದು ಚದರ ಮೀಟರಿಗೆ ನೂರಕ್ಕೂ ಹೆಚ್ಚು ಇಟ್ಟಿಗೆ. ಪೂರ್ತಿ ನೆನೆದರೆ ಐವತ್ತು ಲೀಟರಿಗೂ ಮೇಲೆ, ನಮ್ಮ ತಾಮ್ರದ ಬಿಂದಿಗೆಯಲ್ಲಿ ಮೂರು. ಗೋಡೆಗೆ ಒರಗಿ ಪೇಪರ್ ಓದುವಾಗ ಬೆನ್ನ ಹಿಂದೆ ಮೂರು ಬಿಂದಿಗೆ ನೀರು ನಿಂತಿದೆ ಎಂದು ಗೊತ್ತಾದರೆ ಸಂಪಾದಕೀಯದ ಮೇಲೆ ಮನಸ್ಸು ನಿಲ್ಲುವುದಿಲ್ಲ.

ಈ ನೀರನ್ನು ಹೊರಗೆ ಹಾಕುವ ಬಗ್ಗೆ ಮನೆಯಲ್ಲಿ ಎರಡು ಪಕ್ಷ ಹುಟ್ಟಿದವು. ಅಮ್ಮನದು ಕಿಟಕಿ ಪಕ್ಷ, ಎಲ್ಲ ತೆರೆದಿಡಿ, ಗಾಳಿಯಾಡಲಿ. ಮಗಳದು ಯಂತ್ರ ಪಕ್ಷ. ಅವಳು ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಒಂದನ್ನು ಬಾಡಿಗೆಗೆ ತರಿಸಿದಳು. ಅದು ಕೆಲಸ ಮಾಡಬೇಕಾದರೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿರಬೇಕು. ಮಗಳು ಮುಚ್ಚಿ ಕಾಲೇಜಿಗೆ ಹೋಗುತ್ತಿದ್ದಳು, ಅಮ್ಮ ತೆರೆದು ಜಪಕ್ಕೆ ಕೂರುತ್ತಿದ್ದಳು. ಯಂತ್ರ ಮಾತ್ರ ಪ್ರಾಮಾಣಿಕವಾಗಿ ಬನಶಂಕರಿ ಎರಡನೇ ಹಂತವನ್ನೆಲ್ಲ ಒಣಗಿಸಲು ಹೆಣಗುತ್ತಿತ್ತು. ಅದರ ಡಬ್ಬಿ ತುಂಬಿದಾಗಲೆಲ್ಲ ಮಗಳು “ನೋಡಿ ಅಜ್ಜೀ, ಎಷ್ಟು ನೀರು!” ಎಂದು ತೋರಿಸುವಳು. ಅಮ್ಮ ಅದನ್ನು ಪಾತ್ರೆಗೆ ಬಗ್ಗಿಸಿಕೊಂಡು ಹೊಸ್ತಿಲು ಸಾರಿಸುವಳು. ಬೇಸಿಗೆಯ ಪಾಠ ಅವಳಿನ್ನೂ ಮರೆತಿರಲಿಲ್ಲ.

ಇಬ್ಬರ ಮಾತಿನಲ್ಲೂ ನಿಜವಿತ್ತು. ಹೊರಗಿನ ಗಾಳಿ ಒಣಗಿದ್ದರೆ ಕಿಟಕಿಯಂಥ ಯಂತ್ರವಿಲ್ಲ. ಆದರೆ ಆಷಾಢ ಶ್ರಾವಣದ ಬೆಂಗಳೂರಿನಲ್ಲಿ ಗಾಳಿಯೇ ನೀರು ಹೊತ್ತು ತಿರುಗುತ್ತಿರುತ್ತದೆ. ಅದು ಗೋಡೆಯ ಭಾರವನ್ನು ಎಷ್ಟೆಂದು ಇಳಿಸಿಕೊಂಡೀತು? ಹೀಟರ್ ಇಡಿ ಎಂದವರಿದ್ದರು. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್ಟಿಗೆ ಹತ್ತಿರದ ಶಾಖ ಬೇಕು, ಆ ಮೇಲೆ ಆವಿಗೆ ಹೊರಗೆ ಹೋಗುವ ದಾರಿಯೂ ಬೇಕು. ದಾರಿಯಿಲ್ಲದೆ ಕಾಯಿಸಿದರೆ ನೀರು ಈ ಗೋಡೆ ಬಿಟ್ಟು ಆ ಗೋಡೆಗೆ ಹೋಗಿ ಕೂರುತ್ತದೆ, ಅವಸರಕ್ಕೆ ಗಾರೆ ಬಿರುಕು ಬಿಡುತ್ತದೆ. ಕಡೆಗೆ ಉಳಿದದ್ದು ಫ್ಯಾನು. ಮೇಜಿನ ಫ್ಯಾನನ್ನು ಗೋಡೆಗೆ ಓರೆಯಾಗಿ ತಿರುಗಿಸಿಟ್ಟು, ಗೋಡೆಗೆ ಅಂಟಿ ನಿಂತ ತೇವದ ಗಾಳಿಯನ್ನು ಸದಾ ಸರಿಸುತ್ತಿರಬೇಕು. ಸೆಖೆಯಲ್ಲಿ ನಾವು ಬೆವರಿದರೂ ಫ್ಯಾನ್ ಗೋಡೆಗೇ. ನೆಂಟರು ಬಂದರೆ ಅವರನ್ನು ಗೋಡೆಯ ಪಕ್ಕದಲ್ಲಿ ಕೂರಿಸುತ್ತಿದ್ದೆವು, ಅತಿಥಿ ಸತ್ಕಾರವೂ ಆಯಿತು.

ಗೋಡೆಯ ಒಂದು ಮೋಸವನ್ನು ಹೇಳಬೇಕು. ಮೊದಮೊದಲು ಅದು ಬೇಗ ಬೇಗ ಒಣಗಿತು. ಒಳಗಿನ ನೀರು ಇಟ್ಟಿಗೆಯ ಕೂದಲೆಳೆಯ ರಂಧ್ರಗಳಲ್ಲಿ ಹರಿದು ಮೇಲ್ಮೈಗೆ ಬರುವಷ್ಟು ಕಾಲ ಕೆಲಸ ಚುರುಕು. ಒಂದು ದಿನ ಆ ಎಳೆ ಕಡಿಯುತ್ತದೆ. ಮೇಲ್ಮೈ ಬೆಳ್ಳಗಾಗುತ್ತದೆ, ಎಲ್ಲರೂ ಒಣಗಿತು ಎನ್ನುತ್ತಾರೆ. ಒಳಗುಳಿದ ನೀರು ಮಾತ್ರ ಅಲ್ಲೇ ಆವಿಯಾಗಿ ಇಟ್ಟಿಗೆಯ ಸಂದಿಗೊಂದಿಗಳಲ್ಲಿ ದಾರಿ ಹುಡುಕುತ್ತ ಬರಬೇಕು, ಆಗ ವೇಗ ಪಾತಾಳಕ್ಕಿಳಿಯುತ್ತದೆ. ಪೇಂಟರುಗಳು ಫೋನ್ ಮಾಡುವುದು ಸರಿಯಾಗಿ ಈ ಹಂತದಲ್ಲಿಯೇ. ನಮ್ಮವನು ಬಂದು ನೋಡಿ, “ರಾಗಿ ಹುರಿದಂಗೆ ಒಣಗೈತೆ ಸಾರ್” ಎಂದ. ಸೀರೆ ಕವರು ಅಂಟಿಸಿದೆವು. ಬೆವತಿತು. ಅವನು ಕವರನ್ನು ಗುಮಾನಿಯಿಂದ ನೋಡಿ ಎದ್ದುಹೋದ.

ಫ್ಯಾನಿನ ಸದ್ದಿನಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ನನಗೊಂದು ತಮಾಷೆ ಹೊಳೆಯುತ್ತಿತ್ತು. ಈ ಗೋಡೆಗೆ ಮೊದಲು ನೀರು ಕುಡಿಸಿದವನು ನಾನೇ. 1986ರಲ್ಲಿ ಗೋಡೆ ಏಳುವಾಗ ಕ್ಯೂರಿಂಗ್ ನಮ್ಮ ಮನೆಯವರ ಪಾಲಿನ ಕೆಲಸವಾಗಿತ್ತು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನ ಜೊತೆ ಕೂಡಿ ಕಲ್ಲಾಗುವುದರಿಂದ. ಕಡಿಮೆಯೆಂದರೆ ಒಂದು ವಾರ ಅದನ್ನು ಒದ್ದೆಯಾಗಿಟ್ಟಿರಬೇಕು. ಅಪ್ಪ ಬೆಳಿಗ್ಗೆ ಐದಕ್ಕೆ ಸೈಕಲ್ಲಿನಲ್ಲಿ ನನ್ನನ್ನು ಕೂರಿಸಿಕೊಂಡು ಬಾಡಿಗೆ ಮನೆಯಿಂದ ಸೈಟಿಗೆ ಬರುತ್ತಿದ್ದರು. ತೊಟ್ಟಿಯಿಂದ ಅವರು ಬಕೆಟ್ ತುಂಬಿ ಕೊಡುವುದು, ನಾನು ಮಗ್ಗಿನಲ್ಲಿ ಎರಚುವುದು. ಹೊಸ ಗೋಡೆ ನೀರು ಕುಡಿಯುವಾಗ ಸುಯ್ ಎಂದು ಸಣ್ಣ ಸದ್ದು ಮಾಡುತ್ತದೆ. ಅಪ್ಪ ಕಿವಿಯಿಟ್ಟು ಕೇಳಿ, “ಇನ್ನೂ ಬಾಯಾರಿದೆ, ಹಾಕು” ಎನ್ನುವರು. ಸದ್ದು ನಿಂತು ನೀರು ಹಾಗೇ ಕೆಳಗಿಳಿಯತೊಡಗಿದರೆ, “ಸಾಕು, ಹೊಟ್ಟೆ ತುಂಬಿತು.” ಆಮೇಲೆ ಶಾಲೆ. ಅಂಗಿಯ ತೋಳು ಮಧ್ಯಾಹ್ನದವರೆಗೂ ಒದ್ದೆ. ಅಷ್ಟು ಮುದ್ದಿನಿಂದ ಕುಡಿಸಿ ಬೆಳೆಸಿದ ಗೋಡೆಗೆ ಈಗ ಅದೇ ನೀರನ್ನು ಕಕ್ಕಿಸಲು ನಾನು ಬೆಸ್ಕಾಂಗೆ ದುಡ್ಡು ಕಟ್ಟುತ್ತಿದ್ದೆ.

ಸಾಗರದ ಕಡೆಯ ನಮ್ಮ ಭಾವನಿಗೆ ಇದೆಲ್ಲ ನಗೆಪಾಟಲು. ಅವರೂರಲ್ಲಿ ಮಳೆ ಹಿಡಿಯುವ ಮೊದಲೇ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಮುಚ್ಚಿಬಿಡುತ್ತಿದ್ದರಂತೆ. ಬಚ್ಚಲ ಒಲೆಯಂತೂ ಆರುವುದೇ ಇಲ್ಲ, ಅದರ ಬೆನ್ನಿಗಿರುವ ಗೋಡೆ ಸದಾ ಬೆಚ್ಚಗೆ. “ನಿಮ್ಮೂರಿನ ಮಳೆಯೂ ಒಂದು ಮಳೆಯೇನೋ ಮಾರಾಯಾ, ಅದೂ ಮನೆಯೊಳಗೆ!” ಎಂದು ಗೋಡೆಯ ಫೋಟೊ ತರಿಸಿಕೊಂಡು ನೋಡಿ ನಕ್ಕರು.

ಹೊರಗಿನ ಮಳೆಯೂ ನಮ್ಮನ್ನು ಬಿಡಲಿಲ್ಲ. ಗಣಪತಿ ಬಂದು ಹೋದ, ಉಬ್ಬಿದ ಗಾರೆಯನ್ನೆಲ್ಲ ಕೆತ್ತಿ ತೆಗೆದಿದ್ದ ಗೋಡೆಯ ಇಟ್ಟಿಗೆಯ ಹಲ್ಲು ಅವನಿಗೆ ಕಂಡೇ ಕಂಡಿತು. ದಸರೆಗೆ ಗೊಂಬೆ ಕೂರಿಸುವ ಮೆಟ್ಟಿಲು ಪ್ರತಿವರ್ಷ ಇದೇ ಗೋಡೆಗೆ. ಈ ಸಲ ಎದುರು ಗೋಡೆಗೆ ಹೋಯಿತು, ಪಟ್ಟದ ಗೊಂಬೆಗಳು ಒಂಬತ್ತು ದಿನವೂ ಫ್ಯಾನಿನ ಗಾಳಿಗೆ ಪೇಟ ಅಲುಗಿಸುತ್ತ ಗೋಡೆಯನ್ನೇ ನೋಡಿದವು. ಅಕ್ಟೋಬರ್ ನಡುವೆ ಊರು ಮುಳುಗುವ ಮಳೆ. ಅದೇ ವಾರ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತದ ಉದ್ಘಾಟನೆ. ಟಿವಿ ನೋಡುತ್ತಿದ್ದ ಅಮ್ಮ, “ಇನ್ನೂ ನೀರು ತರ್ತಾರಂತೆ ಕಣೋ” ಎಂದು ಗೋಡೆಯ ಕಡೆ ಕಣ್ಣು ಹಾಯಿಸಿದಳು. ನವೆಂಬರ್ ಕೊನೆಗೆ ಇನ್ನೇನು ಚಳಿಯ ಒಣಗಾಳಿ ಬಂತು ಎನ್ನುವಾಗ ಫೆಂಗಲ್ ಚಂಡಮಾರುತ ಪುದುಚೇರಿ ಕಡೆ ದಡ ಹತ್ತಿ ನಮಗೂ ಜಡಿ ಕಳಿಸಿತು. ಬೂಷ್ಟು ಹಿಡಿದ ನಿಘಂಟಿನ ಸಂಪುಟಗಳನ್ನು ಬಿಸಿಲಿಗಿಡಲು ಮಾಳಿಗೆಗೆ ಒಯ್ಯುವುದು, ಇಳಿಸುವುದು, ಒಯ್ಯುವುದು.

ಒಡೆದ ಅಂಚಿನಲ್ಲಿ ಬಣ್ಣದ ಪದರಗಳು ಕಾಣುತ್ತಿದ್ದವು. ಹೊರಗೆ ಹೆಂಡತಿ ಆರಿಸಿದ ದಂತದ ಬಣ್ಣದ ಎಮಲ್ಷನ್. ಅದರಡಿ ನನ್ನ ಮದುವೆಗೆ ಹೊಡೆಸಿದ ಗುಲಾಬಿ, ಅದನ್ನು ಯಾರು ಆರಿಸಿದರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಅದರಡಿ ತಿಳಿಹಸಿರು ಡಿಸ್ಟೆಂಪರ್. ಎಲ್ಲಕ್ಕಿಂತ ಒಳಗೆ, ಗಾರೆಗಂಟಿಕೊಂಡು, ನೀಲಿ ಬೆರೆಸಿದ ಸುಣ್ಣ. ಉಪ್ಪು ಕಿತ್ತು ಎಸೆದದ್ದು ಮೇಲಿನ ಎಮಲ್ಷನ್ನನ್ನು, ಏಕೆಂದರೆ ಅದು ಉಸಿರಾಡದ ಪೊರೆ, ಆವಿಯನ್ನು ಹೊರಗೆ ಬಿಡುವುದಿಲ್ಲ. ಸುಣ್ಣ ಹಾಗಲ್ಲ, ಗೋಡೆಯ ತೇವವನ್ನು ತಡೆಯದೆ ದಾಟಿಸಿಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟೂ ಅಷ್ಟಾಗಿ ಹತ್ತಿರ ಬರುವುದಿಲ್ಲ. ಪೂರ್ತಿ ಒಣಗದ ಗೋಡೆಗೂ ಅದನ್ನು ಬಳಿಯಬಹುದು. ನಾನು ಈ ಜ್ಞಾನವನ್ನು ಮನೆಯವರ ಮುಂದಿಟ್ಟೆ. “ಹಾಗಾದ್ರೆ ಸುಣ್ಣಾನೇ ಹೊಡೆಸ್ರೀ, ಆಮೇಲೆ ನಮ್ಮ ಕಡೆಯವರು ಬಂದಾಗ ಕತ್ತಾಳೆ ಬ್ರಷ್ಷನ್ನೂ ಷೋಕೇಸಲ್ಲಿಡೋಣ” ಎಂದಳು ಹೆಂಡತಿ.

ಫೆಬ್ರವರಿ ಕಳೆದು ಮಾರ್ಚ್ ಬಂತು. ಬೆಂಗಳೂರಿನ ಗಾಳಿ ಹೀಗೆ ಒಣಗುವುದು ವರ್ಷಕ್ಕೊಮ್ಮೆ. ಮಧ್ಯಾಹ್ನದ ಹೊತ್ತು ಸಾಪೇಕ್ಷ ತೇವ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ, ತುಟಿ ಒಡೆಯುತ್ತದೆ, ಹಾಕಿದ ಸಂಡಿಗೆ ಸಂಜೆಗೆ ಡಬ್ಬಿ ಸೇರುತ್ತದೆ. ಯಂತ್ರ ಎಂದೋ ವಾಪಸು ಹೋಗಿತ್ತು, ಕಿಟಕಿ ಪಕ್ಷ ಪೂರ್ಣ ಬಹುಮತದಿಂದ ಆಳುತ್ತಿತ್ತು. ಒಂದು ದಿನ ಸೀರೆ ಕವರು ಬೆವರಲಿಲ್ಲ. ಇನ್ನೊಮ್ಮೆ ಜಾಗ ಬದಲಿಸಿ ಅಂಟಿಸಿದೆವು, ಆಗಲೂ ಇಲ್ಲ. ಅಮ್ಮ ಅಂಗೈಯಿಟ್ಟು ನೋಡಿ ಏನೂ ಹೇಳದೆ ಸಂಡಿಗೆ ನೋಡಲು ಮಾಳಿಗೆಗೆ ಹೋದಳು. ಮೇಸ್ತ್ರಿ ಬಂದು ಗಾರೆ ಮೆತ್ತಿದ, ಮತ್ತೆ ಕ್ಯೂರಿಂಗ್ ಎಂದು ನೀರು ಎರಚಲು ಹೇಳಿ ಹೋದ. ಮಗಳು ಎರಚಿದಳು. ಅದು ಒಣಗಿದ ಮೇಲೆ ಪೇಂಟರ್ ಬಂದ. ಸುಣ್ಣವೆಂದರೆ ಮುಖ ಸಿಂಡರಿಸಿದ. “ಈಗ ಯಾರು ಸಾರ್ ಹೊಡೀತಾರೆ? ನಮ್ಮ ತಾತನ ಕಾಲಕ್ಕೆ ಹೋಯ್ತು.” ಆದರೂ ಹೊಡೆದ. ಒಂದು ಗೋಡೆ ಬೆಳ್ಳಗಾದದ್ದೇ ಉಳಿದ ಮೂರು ಗೋಡೆಗಳ ವಯಸ್ಸು ಬಯಲಾಯಿತು, ಇಡೀ ಮನೆಗೆ ಬಣ್ಣವೆಂದು ತೀರ್ಮಾನವಾಗಿ ಅಂದಾಜುಪಟ್ಟಿ ನನ್ನ ಕೈಗೆ ಬಂತು. ಅದರ ಮೊತ್ತ ಇಲ್ಲಿ ಬೇಡ.

ಪಟಗಳನ್ನು ತೂಗುಹಾಕುವ ದಿನ ಅಮ್ಮ ಕುರ್ಚಿ ಎಳೆದುಕೊಂಡು ಗೋಡೆಯೆದುರು ಕೂತಳು. ಪೈಪು ಹೊರಗೆ ಹೋಯಿತು, ಇನ್ನು ಎಲ್ಲಿ ಬೇಕಾದರೂ ಮೊಳೆ ಹೊಡೆಯಬಹುದು ತಾನೇ ಎಂದು ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡಳು. ಮಡಿಲಲ್ಲಿ ಆ ವರ್ಷದ ಕ್ಯಾಲೆಂಡರು. “ಮಧ್ಯಕ್ಕೆ ಸರಿಯಾಗಿ ಹೊಡಿಯಪ್ಪ. ಇನ್ನೂ ಬಲಕ್ಕೆ, ಹಾಂ, ಅಲ್ಲೇ.” ಪೇಂಟರ್ ಮೊಳೆಯಿಟ್ಟು ಹೊಡೆದ. ಸುಣ್ಣ ಉದುರಿತು, ಗಾರೆ ಉದುರಿತು, ಆಮೇಲೆ ಠಣ್ ಎಂದಿತು. ಇನ್ನೊಂದು ಏಟಿಗೆ ಮೊಳೆ ಬಾಗಿತು. ಒಳಗೆ ಬಿಟ್ಟಿದ್ದ ಹಳೇ ಪೈಪು ಜಾಗ ಕೊಡಲಿಲ್ಲ.

ಅಮ್ಮ ಬಾಗಿದ ಮೊಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. “ಈಗಲೂ ಬಿಡಲ್ವಲ್ಲ ನಿಮ್ಮಪ್ಪ” ಎಂದಳು. ಆಮೇಲೆ ಪೇಂಟರಿಗೆ, “ಒಂದು ಗೇಣು ಎಡಕ್ಕೆ ಹೊಡಿಯಪ್ಪ. ಅಲ್ಲಾದ್ರೆ ಏನೂ ಅನ್ನಲ್ಲ.”